ಸಾಲಗಾರನ ಮನೆಗೆ ಒಂದು ಸೇರು ಚುರುಮುರಿ

ಕೊಪ್ಪಳದಲ್ಲಿ ನನ್ನ ಸೋದರತ್ತೆಯದೊಂದು ಚುರುಮುರಿ ಭಟ್ಟಿ ಇತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಕಟ್ಟಿಸಿ ಅವಳೇ ನಡೆಸಿಕೊಂಡು ಬಂದದ್ದು. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಕುಟ್ಟಿ, ಬಂದ ಅಕ್ಕಿಗೆ ಉಪ್ಪುನೀರು ಸವರಿ ಕಾದ ಮರಳಿನಲ್ಲಿ ಹುರಿಯುವವರೆಗಿನ ಕೆಲಸಕ್ಕೆ ಅವಳ ಜೊತೆ ಇಬ್ಬರು ಕೂಲಿ ಹೆಂಗಸರಿದ್ದರು. ಮೂವರೂ ಗಂಡಿನ ದುಡಿಮೆ ಇಲ್ಲದವರು. ಆ ಭಟ್ಟಿಯ ಬೆಂಕಿ ಆರಿದರೆ ಮೂರು ಮನೆಗಳ ಒಲೆ ಆರುತ್ತಿತ್ತು ಎಂಬುದು ಅಲಂಕಾರದ ಮಾತಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ನಾನು ಪದವಿ ಮುಗಿಸಿ ಊರಿಗೆ ಬಂದು ಶಾಲೆಯೊಂದರಲ್ಲಿ ಮಾಸ್ತರನಾದೆ. ಕಾಲೇಜಿನ ಚರ್ಚಾಕೂಟದಲ್ಲಿ ಗೆದ್ದ ಎರಡು ಬೆಳ್ಳಿಯ ಬಟ್ಟಲುಗಳೂ, ದೇಶವನ್ನು ಮಾತಿನಿಂದಲೇ ತಿದ್ದಬಹುದೆಂಬ ನಂಬಿಕೆಯೂ ನನ್ನ ಜೊತೆಗೆ ಬಂದಿದ್ದವು. ಆ ಕೂಟದಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಅದರ ಪರವಾಗಿಯೇ ವಾದಿಸಬೇಕೆಂಬ ನಿಯಮವಿತ್ತು. ಯಾವ ಪಕ್ಷ ಬಂದರೂ ನಾನು ಗೆಲ್ಲುತ್ತಿದ್ದೆ. ಅದನ್ನು ಅಂದು ಗುಣವೆಂದೇ ತಿಳಿದಿದ್ದೆ.

ಊರಿನಲ್ಲಿ ನಾನು ಗೆದ್ದ ಮೊದಲ ವಾದ ಅತ್ತೆಯ ಮೇಲೆ. ಅವಳು ತನ್ನ ಚಿನ್ನದ ಬಳೆಗಳಾದ ಪಾಟ್ಲಿ ಬಿಲ್ವಾರಗಳನ್ನು ಕೈಯಿಂದ ಬಿಚ್ಚಿ ಪೆಟ್ಟಿಗೆಯ ತಳದಲ್ಲಿ ಇಟ್ಟು ವರ್ಷಗಳಾಗಿದ್ದವು. ಚಿನ್ನವನ್ನು ಕತ್ತಲಲ್ಲಿ ಕೂಡಿಹಾಕಿದರೆ ದೇಶ ಬೆಳೆಯದು. ಅದನ್ನು ಮಾರಿ ನಮ್ಮ ಸಂಸ್ಥಾನದ ಸರ್ಕಾರದ ಸಾಲಪತ್ರ ಕೊಂಡರೆ ರಸ್ತೆಯಾಗುತ್ತದೆ, ಕಾಲುವೆಯಾಗುತ್ತದೆ, ನಿನಗೆ ಬಡ್ಡಿಯೂ ಬರುತ್ತದೆ ಎಂದು ಮೂರು ಸಂಜೆ ವಾದಿಸಿದೆ.

“ಬಿಲ್ವಾರ ನಾ ಹಾಕ್ಕೊಳ್ಳೂದಿಲ್ಲ ಖರೆ. ಆದ್ರ ಪೆಟಗಿ ತಗದು ನೋಡಿದ್ರ ಒಂದೀಟು ಧೈರ್ಯ ಬರತೈತಿ. ನಿನ್ನ ಕಾಗದ ನೋಡಿದ್ರ ಬರತೈತೇನು?” ಎಂದಳು ಅತ್ತೆ.

“ಬಂಗಾರ ಮರಿ ಹಾಕೂದಿಲ್ಲ ಅತ್ತಿ. ಕಾಗದ ಆರು ತಿಂಗಳಿಗೊಮ್ಮಿ ಬಡ್ಡಿ ತರತೈತಿ.”

“ಬಡ್ಡಿ ಯಾರು ಕೊಡಾವ್ರು?”

“ಸರ್ಕಾರ.”

“ಅಂದ್ರ, ಸರ್ಕಾರ ನನ್ನ ಸಾಲಗಾರ ಅನ್ನು.” ಅವಳು ಮರಳು ಕೆದಕುವ ಕೋಲನ್ನು ಕೆಳಗಿಟ್ಟಳು. “ಈ ಓಣ್ಯಾಗ ನನಗ ಸಾಲಗಾರರು ಇಬ್ಬರ. ಹೂವಿನಾಕಿ ಒಬ್ಬಾಕಿ, ಬುಟ್ಟಿ ಹೆಣಿಯಾಂವ ಒಬ್ಬಾಂವ. ಮೂರನೇದಾಂವ ಸರ್ಕಾರ ಆಗೂದಿದ್ರ ಆಗಲಿ ಬಿಡು. ಛಲೋ ಮನೆತನ.”

ನನ್ನ ಮೂರು ಸಂಜೆಯ ವಾದಸರಣಿ ಅವಳನ್ನು ಒಪ್ಪಿಸಿರಲಿಲ್ಲ; ಅಷ್ಟು ದೊಡ್ಡವನೊಬ್ಬನಿಗೆ ತಾನು ಕೈ ಎತ್ತಿ ಕೊಡಬಲ್ಲೆನೆಂಬ ಸಂತೋಷ ಒಪ್ಪಿಸಿತು.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಬಡ್ಡಿ ಪಡೆಯಲು ಹೋದವರು ಸಾಲಗಾರನ ಮನೆಯಿಂದ ಸುಮ್ಮನೆ ಎದ್ದು ಬರುತ್ತಿರಲಿಲ್ಲ. ಒಂದು ಹಿಡಿ ಕಾಳೋ ಎರಡು ಬದನೆಕಾಯೋ, ತಮ್ಮ ಮನೆಯದೇನಾದರೂ ಅಲ್ಲಿ ಇಟ್ಟು ಬರಬೇಕು. ಕೊಟ್ಟ ಮನೆ ಬರಿದಾಗಬಾರದು. ಅತ್ತೆ ಸರ್ಕಾರಕ್ಕೂ ಅದೇ ಪದ್ಧತಿಯನ್ನು ನಡೆಸಿದಳು. ದೀಪಾವಳಿಯ ನಂತರ ಒಮ್ಮೆ, ಬಸವ ಜಯಂತಿಯ ಹೊತ್ತಿಗೆ ಒಮ್ಮೆ, ಖಜಾನೆಗೆ ಹೋಗಿ ಬಡ್ಡಿ ಎಣಿಸಿಕೊಂಡ ಮೇಲೆ ಗುಮಾಸ್ತರ ಮೇಜಿನ ಮೇಲೆ ಒಂದು ಸೇರು ಚುರುಮುರಿಯ ಗಂಟು ಬಿಚ್ಚುತ್ತಿದ್ದಳು.

“ಇದು ಯಾರಿಗೆ ಅಮ್ಮಾ?” ಎಂದು ಅವರು ಮೊದಲ ಸಲ ಗಾಬರಿಯಾಗಿ ಕೇಳಿದ್ದರು.

“ಸರ್ಕಾರಕ್ಕರಿ. ಮುಟ್ಟಸ್ರಿ.”

ನನಗೆ ನಾಚಿಕೆಯಾಗಿತ್ತು. ಖಜಾನೆಯೆಂಬುದು ಮನೆಯಲ್ಲ ಎಂದು ದಾರಿಯುದ್ದಕ್ಕೂ ತಿಳಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು, ಮುಂದಿನ ಸಲವೂ ಗಂಟು ಕಟ್ಟಿದಳು.

ಕಾಗದದಿಂದ ಅವಳಿಗೆ ನಾನು ಊಹಿಸದಿದ್ದ ಇನ್ನೊಂದು ಉಪಯೋಗವಾಯಿತು. ಶ್ರಾವಣದಿಂದ ದೀಪಾವಳಿಯವರೆಗೆ ಚುರುಮುರಿಯ ಸುಗ್ಗಿ. ಅದಕ್ಕೆ ಬೇಕಾದ ಮೂರು ಬಂಡಿ ಭತ್ತವನ್ನು ಗಂಗಾವತಿಯ ಒಬ್ಬ ಸಾವಕಾರರು ಉದ್ರಿ ಕೊಡುತ್ತಿದ್ದರು, ಹಣ ದೀಪಾವಳಿಗೆ. ಮೊದಲು ಅರ್ಧ ಉದ್ರಿ, ಅರ್ಧ ನಗದು ಎನ್ನುತ್ತಿದ್ದವರು ಸರ್ಕಾರದ ಕಾಗದವನ್ನು ಒತ್ತೆಯಾಗಿ ಇಟ್ಟ ಮೇಲೆ ಪೂರ್ತಿ ಉದ್ರಿಗೆ ಒಪ್ಪಿದರು. ಸರ್ಕಾರದ ಮಾತಿನ ಮೇಲೆ ಗಂಗಾವತಿಯ ಹತ್ತಿರದ ಮರಳಿ ಎಂಬ ಊರಿನ ಗದ್ದೆಯ ಭತ್ತ ಬಂಡಿ ಏರಿ ಕೊಪ್ಪಳಕ್ಕೆ ಬರುತ್ತಿತ್ತು. ಇದನ್ನು ಕಂಡು ನಾನು ಹಿಗ್ಗಿದೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷವೂ, ದೇಶಕ್ಕೆ ಸೇರದೆ ಉಳಿದ ನಮ್ಮ ಸಂಸ್ಥಾನಕ್ಕೆ ಅದು ಬಂದಿರಲಿಲ್ಲ. ಸರ್ಕಾರ ಉಳಿಯುವುದೇ, ಉಳಿದರೂ ಅದರ ಬೊಕ್ಕಸದಲ್ಲಿ ಏನಾದರೂ ಇದೆಯೇ ಎಂಬ ಪಿಸುಮಾತು ಪೇಟೆಯಲ್ಲಿ ಹಬ್ಬಿತು. ಬಸವ ಜಯಂತಿಯ ಬಡ್ಡಿ ಕೇಳಲು ಹೋದ ಅತ್ತೆಯನ್ನು ಗುಮಾಸ್ತರು, “ಹುಕುಂ ಬಂದಿಲ್ಲ ಅಮ್ಮಾ, ಆಮೇಲೆ ಬರ್ರಿ,” ಎಂದು ಕಳಿಸಿದರು. ಗದಗಿನ ದಲ್ಲಾಳಿಗಳು ನಮ್ಮ ಕಾಗದವನ್ನು ಮೊದಲು ಮುಕ್ಕಾಲು ಬೆಲೆಗೆ ಕೇಳಿದರು, ಆಮೇಲೆ ಅರ್ಧಕ್ಕೆ, ಆಮೇಲೆ ಕೇಳುವುದನ್ನೇ ಬಿಟ್ಟರು. ಅಂಥ ಕಾಗದವನ್ನು ಎಂದೂ ಕಣ್ಣಿನಿಂದ ಕಾಣದವರಿಗೂ ಅದರ ಪೆಟ್ಟು ತಟ್ಟಿತು. ಕುಷ್ಟಗಿಯ ಕಂಬಳಿ ವ್ಯಾಪಾರಿ ಉಣ್ಣೆಗೆ ಮುಂಗಡ ಕೊಡುವುದನ್ನು ನಿಲ್ಲಿಸಿದ. ಕಿನ್ನಾಳದಲ್ಲಿ ಗೊಂಬೆ ಮಾಡುವವರಿಗೆ ಬಣ್ಣ ಉದ್ರಿ ಸಿಗಲಿಲ್ಲ. ದೊಡ್ಡ ಸಾಲಗಾರನ ಮಾತು ಅಲುಗಿದರೆ ಸಣ್ಣವರು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತುಗಳೆಲ್ಲ ಅಲುಗುತ್ತವೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ಆ ಬೇಸಿಗೆಯಲ್ಲಿ ಬೀದಿಯಿಂದ ಕಲಿತೆ.

ಆದರೆ ಕಲಿಯುವ ಮೊದಲು ಮಾತನಾಡಿದೆ. ಆಗ ನಾನು ಸರ್ಕಾರದ ವಿರುದ್ಧದ ಪಕ್ಷದಲ್ಲಿದ್ದೆ, ಈ ಬಾರಿ ಚೀಟಿ ಎತ್ತಿ ಅಲ್ಲ, ಮನಃಪೂರ್ವಕವಾಗಿ. ಗಂಗಾವತಿಯ ಸ್ನೇಹಿತರ ಮನೆಯ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಮೂವತ್ತು ಜನರ ಮುಂದೆ, ಈ ಬೊಕ್ಕಸ ಪೊಳ್ಳು ಎಂದು ಸಾಧಿಸಿ ತೋರಿಸಿದೆ. “ಈ ಸರ್ಕಾರದ ಕಾಗದವನ್ನು ಗಂಟು ಕಟ್ಟಿಟ್ಟವನು ಬೂದಿಯನ್ನು ಗಂಟು ಕಟ್ಟಿಟ್ಟಂತೆ” ಎಂಬ ವಾಕ್ಯಕ್ಕೆ ಸಭೆ ತಲೆದೂಗಿತು. ಆ ಕ್ಷಣದಲ್ಲಿ ಅತ್ತೆಯ ಪೆಟ್ಟಿಗೆ ನನ್ನ ನೆನಪಿಗೆ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ ಈ ಸಾಲನ್ನು ಬರೆಯುವಾಗಲೂ ನನ್ನ ಲೇಖನಿ ತಡೆಯುತ್ತದೆ.

ಸಭೆಯಲ್ಲಿ ಸಾವಕಾರರ ಭಾವಮೈದುನನಿದ್ದ. ಜ್ಯೇಷ್ಠದಲ್ಲಿ ಭತ್ತ ಕೇಳಲು ಹೋದ ಅತ್ತೆ ಸಂಜೆಯೊಳಗೆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮರಳಿದಳು. ಭಟ್ಟಿಯ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆಸಿದಳು. ಕೂಲಿ ಹೆಂಗಸರಿಬ್ಬರೂ ಗೋಡೆಗೆ ಒರಗಿ ನಿಂತಿದ್ದರು.

“ಬೂದಿ ಅಂದೇನು ತಮ್ಮಾ?”

ನಾನು ಅವಳ ಮುಂದೆ ನೆಲದ ಮೇಲೆ ಕುಳಿತೆ.

“ನೀ ಒಮ್ಮಿ ಮಾತಾಡಿದಿ, ನನ್ನ ಬಿಲ್ವಾರ ಹೋದ್ವು. ಇನ್ನೊಮ್ಮಿ ಮಾತಾಡಿದಿ, ಸಾವಕಾರ ಪೆಟಗಿ ಮುಚ್ಚಿದ. ಇನ್ನ ಒಂದೀಟು ಸುಮ್ಮನಿದ್ದು ನೋಡು, ಏನಾಕ್ಕೈತೋ.”

ಕೂಲಿ ಹೆಂಗಸರಲ್ಲಿ ಹಿರಿಯಳು ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆಯೂ ನಕ್ಕಳು. ಮೂವರ ಊಟಕ್ಕೆ ಕುತ್ತು ಬಂದ ಹೊತ್ತಿನಲ್ಲಿ ಅವರು ನನ್ನ ಮೇಲೆ ಕರುಣೆ ತೋರಿಸುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನೇ ಬಂದು ಸಾವಕಾರರಿಗೆ ತಿಳಿಸಿ ಹೇಳುತ್ತೇನೆಂದೆ. ಬಾ, ಆದರೆ ಬಾಯಿ ತೆರೆಯಕೂಡದು ಎಂಬ ಷರತ್ತು ಹಾಕಿದಳು.

ಎರಡು ದಿನದ ಮೇಲೆ ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ ಗಂಗಾವತಿಗೆ ಹೋದೆವು. ಸಾವಕಾರರು ಗಾದಿಯ ಮೇಲೆ ಕುಳಿತಿದ್ದರು. ಮುಂದೆ ಹಿತ್ತಾಳೆ ಕಟ್ಟಿನ ಪೆಟ್ಟಿಗೆ.

“ಬರ್ರಿ ಅಕ್ಕಾರ. ಬೂದಿ ಮಾಸ್ತರೂ ಬಂದಾರಲ್ಲ, ಕುಂದರ್ರಿ.”

ಷರತ್ತನ್ನು ನಾನು ಒಂದು ಗಳಿಗೆಯೂ ಪಾಲಿಸಲಿಲ್ಲ. “ಸಾವಕಾರ್ರ, ಸರ್ಕಾರ ಬದಲಾದ್ರೂ ಸಾಲ ಬದಲಾಗೂದಿಲ್ಲರಿ. ಮುಂದ ಬರಾವ್ರು ಹಿಂದಿನವರ ಸಾಲಾ ಹೊರಬೇಕಾಕ್ಕೈತಿ. ಅಪ್ಪನ ಸಾಲಾ ಮಗ ತೀರಿಸಿಧಂಗ,” ಎಂದೆ.

“ಅವತ್ತ ಬೂದಿ ಅಂದ್ರಿ. ಇವತ್ತ ಬೂದಿಯೊಳಗ ಕೆಂಡ ಐತಿ ಅಂತೀರಿ. ಯಾವುದು ಖರೆ ಅನ್ನೂದು ನೀವ ಹೇಳ್ರಿ, ಅದನ್ನ ನಂಬತೀನಿ.”

ಎರಡನ್ನೂ ನಾನು ನಂಬಿ ಆಡಿದ್ದೆ. ಸರ್ಕಾರ ಹೋಗಲೇಬೇಕು, ಅದರ ಮಾತು ಮಾತ್ರ ಉಳಿಯಬೇಕು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಕ್ಯ ನನ್ನಲ್ಲಿರಲಿಲ್ಲ.

ಆಗ ಅತ್ತೆ ಮೆಲ್ಲಗೆ ಕೇಳಿದಳು, “ಅಂವಾ ಇರಲಿ ಬಿಡ್ರಿ. ನಿಮ್ಮ ಪೆಟಗ್ಯಾಗ ಇಂಥಾ ಕಾಗದ ಎಷ್ಟ ಅದಾವು?”

ಸಾವಕಾರರ ಬೆರಳು ಹಿತ್ತಾಳೆಯ ಕಟ್ಟಿನ ಮೇಲೆ ಹಿಂದೆ ಮುಂದೆ ಆಡಿತು. “ಭಾಳ ಅದಾವು ಅಕ್ಕಾರ,” ಎಂದರು ಕಡೆಗೆ. “ನಾನೂ ಇವನ್ನ ಒತ್ತಿ ಇಟ್ಟು ಗದಗಿನವರ ಕಡಿಂದ ರೊಕ್ಕ ಎತ್ತತಿದ್ದೆ. ಅವ್ರು ಬಂದ್ ಮಾಡ್ಯಾರ. ಮನ್ಯಾಗೂ ಹೇಳಿಲ್ಲ ನಾ.”

“ಹಂಗಾದ್ರ ನನ್ನ ಕಾಗದ ನಿಮಗ ಕೊಟ್ರ, ಮುಳಗಾವನ ಕೈಯಾಗ ಕಲ್ಲ ಕೊಟ್ಟಂಗಾತು.”

ಅವಳು ಕಾಗದವನ್ನು ಸೆರಗಿಗೆ ಕಟ್ಟಿಕೊಂಡಳು. ತಂದಿದ್ದ ಚುರುಮುರಿಯ ಗಂಟನ್ನು ಪೆಟ್ಟಿಗೆಯ ಮೇಲಿಟ್ಟು, “ಹುಡುಗರಿಗೆ ಕೊಡ್ರಿ. ಮುಂದ ಭಟ್ಟಿ ಹತ್ತತೈತೋ ಇಲ್ಲೋ,” ಎಂದು ಎದ್ದಳು. ಬೇಡಿಕೆಯ ಧ್ವನಿ ಅದರಲ್ಲಿರಲಿಲ್ಲ. ಹೊಸ್ತಿಲವರೆಗೆ ಹೋಗಿದ್ದೆವು.

“ಅಕ್ಕಾರ, ನಿಂದರ್ರಿ.” ಸಾವಕಾರರು ಗಾದಿಯಿಂದ ಎದ್ದು ಬಂದಿದ್ದರು. “ಮೂರು ಬಂಡಿ ಆಗೂದಿಲ್ಲ. ಮರಳಿ ಕಡಿಂದ ಬಂದದ್ದ ಎರಡು. ಒಂದು ನೀವು ಒಯ್ರಿ.”

“ಒತ್ತಿ ಏನು ಇಡ್ಲಿ?”

“ಏನೂ ಬ್ಯಾಡ್ರಿ. ಇಷ್ಟು ವರ್ಷದಾಗ ಒಮ್ಮಿನೂ ದೀಪಾವಳಿ ದಾಟಿಸಿಲ್ಲ ನೀವು. ಅದರ ಮ್ಯಾಲ ಕೊಡತೀನಿ.”

ಭಟ್ಟಿ ಆ ಶ್ರಾವಣದಲ್ಲಿ ಮೂರು ದಿನಕ್ಕೊಮ್ಮೆ ಹತ್ತಿತು. ಅತ್ತೆ ಯಾರನ್ನೂ ಬಿಡಿಸಲಿಲ್ಲ. ಇದ್ದಷ್ಟು ಕೆಲಸವನ್ನೂ ಕೂಲಿಯನ್ನೂ ಮೂವರೂ ಸಮನಾಗಿ ಹಂಚಿಕೊಂಡರು. ರಜೆಯ ದಿನ ನಾನು ಹೋಗಿ ಮರಳು ಸಾಣಿಸಿ ಕೊಡುತ್ತಿದ್ದೆ. ಹಿರಿಯ ಹೆಂಗಸು, “ಮಾಸ್ತರು ಬಾಯಿ ಮುಚ್ಚಿದ್ರ ಕೈ ಛಲೋ ನಡೀತಾವು,” ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದಳು.

ಪಂಚಮಿಯ ವ್ಯಾಪಾರ ಮುಗಿದ ಮರುದಿನ ಅತ್ತೆ ಮತ್ತೆ ಒಂದು ಸೇರು ಅಳೆದು ಗಂಟು ಕಟ್ಟಿದಳು.

“ಎಲ್ಲಿಗೆ ಅತ್ತಿ?”

“ಖಜಾನಿಗೆ.”

“ಬಡ್ಡಿ ಬರೂದಿಲ್ಲ ಈಗ.”

“ಬಡ್ಡಿ ಯಾರು ಕೇಳತಾರ? ಸಾಲಗಾರ ತ್ರಾಸಿನ್ಯಾಗ ಅದಾನ. ಇಂಥಾದರಾಗ ಹೋಗಿ ಮಾತಾಡಸದಿದ್ರ ಹೆಂಗ?”

ಆ ಸರ್ಕಾರ ಬೀಳಲಿ ಎಂದು ಹಗಲಿರುಳು ಹಾರೈಸುತ್ತಿದ್ದ ನಾನು ಗಂಟನ್ನು ಹೊತ್ತುಕೊಂಡು ಅವಳ ಹಿಂದೆ ನಡೆದೆ. ಗುಮಾಸ್ತರು ಅವಳನ್ನು ಕಂಡೊಡನೆ ಕುರ್ಚಿಯಲ್ಲಿ ಕುಗ್ಗಿದರು. “ಹುಕುಂ ಬಂದಿಲ್ಲ ಅಮ್ಮಾ.”

“ಗೊತ್ತೈತ್ರಿ. ನಿಮ್ಮ ಪಗಾರ ಬಂತೇನು?”

ಅವರು ಬಾಗಿಲ ಕಡೆ ನೋಡಿ, ನನ್ನ ಕಡೆ ನೋಡಿ, ಕಣ್ಣು ಕೆಳಗಿಟ್ಟು ಇಲ್ಲವೆಂದು ತಲೆಯಾಡಿಸಿದರು.

ಅತ್ತೆ ಗಂಟು ಬಿಚ್ಚಿದಳು. ಈ ಸಲ ಸರ್ಕಾರಕ್ಕೆ ಮುಟ್ಟಿಸಿರಿ ಎನ್ನಲಿಲ್ಲ. “ಮನಿಗೆ ಒಯ್ರಿ,” ಎಂದಳು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ಮೇಜಿನ ಮೇಲೆ ಹರಡಿ, ಒಂದು ಕಾಳೂ ಚೆಲ್ಲದಂತೆ ಕಟ್ಟಿಕೊಂಡರು. ನನ್ನ ಭಾಷಣಗಳಲ್ಲಿ ‘ಸರ್ಕಾರ’ ಎಂಬ ಪದಕ್ಕೆ ಮುಖವಿರಲಿಲ್ಲ. ಅಂದಿನಿಂದ ಆ ಪದವನ್ನು ಆಡುವಾಗಲೆಲ್ಲ ಆ ಕರವಸ್ತ್ರ ನನ್ನ ಮಾತಿಗೆ ಅಡ್ಡ ಬರುತ್ತದೆ.

ದೀಪಾವಳಿಗೆ ಮೊದಲೇ ಸರ್ಕಾರ ಬದಲಾಯಿತು. ಅತ್ತೆ ಒಂದು ಬಂಡಿಯ ಹಣವನ್ನು ದೀಪಾವಳಿಯ ಹಿಂದಿನ ದಿನ ಗಂಗಾವತಿಗೆ ಮುಟ್ಟಿಸಿದಳು. ಕಾಗದದ ಬಡ್ಡಿ ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಬಂದಾಗ ನಿಂತದ್ದೂ ಸೇರಿ ಬಂತು. ಅದನ್ನು ತರಲು ಹೋದ ದಿನ ನಾನೂ ಜೊತೆಗಿದ್ದೆ. ಖಜಾನೆಯ ಗೋಡೆಯ ಮೇಲಿನ ಚಿತ್ರ ಬದಲಾಗಿತ್ತು; ಮೇಜಿನ ಹಿಂದೆ ಮಾತ್ರ ಅದೇ ಗುಮಾಸ್ತರು. ಅತ್ತೆಯನ್ನು ಕಂಡು ಎದ್ದು ನಿಂತರು. ರೊಕ್ಕದ ಚೀಲಕ್ಕೆ ಕೈ ಹಾಕುವ ಮೊದಲೇ ಕರವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದರು.