ರಸ್ತೆಯಾಚೆಯ ಆಸ್ಪತ್ರೆ

ಮಲಾಡಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲಾದಲ್ಲಿ ಕುಳಿತರೆ ರಸ್ತೆಯಾಚೆಯ ದೊಡ್ಡ ಆಸ್ಪತ್ರೆಯ ಕೆಂಪು ಬೋರ್ಡು ನೇರ ಕಣ್ಣಿಗೆ ಬೀಳುತ್ತದೆ. ಆರು ವರ್ಷಗಳಿಂದ ಅದಕ್ಕೆ ಬೆನ್ನು ಹಾಕಿ ಕೂರಲು ನೋಡುತ್ತಿದ್ದೇನೆ. ಆಗುವುದಿಲ್ಲ, ಗಿರಾಕಿಗಳು ಬರುವುದೂ ಆ ಕಡೆಯಿಂದಲೇ.

ನಮ್ಮ ದೋಸೆ ಭಟ್ರು ಕುಂದಾಪುರದ ಕಡೆಯವರು. ಅಪ್ಪನ ಕಾಲದಿಂದ ಇದ್ದವರು. ನನ್ನನ್ನು ಎಲ್ಲರೆದುರು ಬೈಯುವ ಹಕ್ಕಿದ್ದದ್ದು ಅವರೊಬ್ಬರಿಗೇ. ಆ ದಿನ ಮಧ್ಯಾಹ್ನದ ಗದ್ದಲದಲ್ಲಿ ಕಾವಲಿಯ ಮುಂದೆ ನಿಂತಿದ್ದವರು ಎದೆ ಒತ್ತಿಕೊಂಡರು. ಮೈಯೆಲ್ಲ ಬೆವರು. ಕಾವಲಿಯ ಮುಂದೆ ನಿಂತವನು ಬೆವರದೆ ಇನ್ನೇನು ಮಾಡುತ್ತಾನೆ? ಹೋಟೆಲಿನವರ ಎದೆನೋವಿಗೆ ಗ್ಯಾಸ್ ಎಂದೇ ಹೆಸರು. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸುವ ನಾವು ಉಣ್ಣುವುದು ಹೊತ್ತು ಮೀರಿದ ಮೇಲೆ.

"ಎಂತದೂ ಇಲ್ಲೆ ಭಟ್ರೆ, ಗ್ಯಾಸ್. ಈ ಸೋಡಾ ಕುಡ್ದ್ ಕಾಣಿ," ಎಂದು ಲಿಂಬೆ ಹಿಂಡಿ, ಉಪ್ಪು ಹಾಕಿ ಕೊಟ್ಟೆ. ಅವರು ದೊಡ್ಡದಾಗಿ ತೇಗಿದರು. ಅಡುಗೆಮನೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ತೇಗನ್ನು ನಾನು ನಂಬಿಬಿಟ್ಟೆ.

ಮೂರು ಗಂಟೆಗೆ ನೋವು ಮತ್ತೆ ಬಂತು, ಈ ಸಲ ಎಡಗೈಗೂ ಇಳಿದಿತ್ತು. ಎದುರಿನ ಆಸ್ಪತ್ರೆಗೆ ಹೋಗೋಣ ಎಂದೆ. ಅಷ್ಟು ಬುದ್ಧಿ ನನಗಿತ್ತು.

"ಹಿಂದಿಯಗೆ ನೋವ್ ಹೇಳುಕೆ ನಂಗ್ ಬತ್ತಿಲ್ಲೆ, ಧಣಿ. ದಹಿಸರಿಗೆ ಹೋಪ. ನಮ್ ಡಾಕ್ಟ್ರ್ ಇದ್ರಲೆ," ಎಂದರು ಭಟ್ರು.

ದಹಿಸರಿನ ಡಾಕ್ಟರು ಊರಿನ ಕಡೆಯವರು. ನಾಡಿ ಹಿಡಿಯುವ ಮೊದಲು ಊರಿನ ಮಳೆ ಹೇಗಿದೆ ಎಂದು ಕೇಳುತ್ತಾರೆ. ಅರ್ಧ ಕಾಯಿಲೆ ಅಲ್ಲೇ ವಾಸಿ ಎಂದು ನಮ್ಮವರು ಎಲ್ಲೆಲ್ಲಿಂದಲೋ ರೈಲು ಹತ್ತಿ ಹೋಗುತ್ತಾರೆ. ನಾಲ್ಕಕ್ಕೆ ಬಾಗಿಲು ತೆಗೆಯುತ್ತಾರೆ, ಸರಿಯಾಗಿ ತಲುಪುತ್ತೇವೆ ಎಂದು ಲೆಕ್ಕ ಹಾಕಿ ನಾನು ಹೂಂ ಎಂದೆ. ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಅವರ ನೋವನ್ನು ನಾನು ಹೇಳಬಹುದಿತ್ತು.

ಲೋಕಲ್‌ನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಪುಣ್ಯ ಎಂದುಕೊಂಡೆ. ಬೋರಿವಲಿ ದಾಟುವಾಗ ಅವರ ತಲೆ ನನ್ನ ಭುಜಕ್ಕೆ ವಾಲಿತು. ಬೆಳಗಿನ ನಾಲ್ಕಕ್ಕೇ ಎದ್ದ ಜೀವ, ಒಂದು ಗಳಿಗೆ ಮಲಗಲಿ ಎಂದು ಅಲುಗಾಡದೆ ಕುಳಿತೆ. ದಹಿಸರ್ ಬಂದಾಗ ಎಬ್ಬಿಸಿದೆ. ಅವರು ಏಳಲಿಲ್ಲ.

ಆ ಭಾರ ಭುಜದಿಂದ ಇಳಿದಿಲ್ಲ. ರೈಲಿನಲ್ಲಿ ಪಕ್ಕದವರು ತೂಕಡಿಸಿ ನನ್ನ ಮೇಲೆ ವಾಲಿದರೆ ಈಗಲೂ ತಟ್ಟಿ ಎಬ್ಬಿಸುತ್ತೇನೆ. ಎಷ್ಟೋ ಜನ ಬೈದಿದ್ದಾರೆ. ಬೈದರೆ ನನಗೆ ಸಮಾಧಾನ.

ಕಳೆದ ತಿಂಗಳು ಗಲ್ಲಾದಲ್ಲಿ ಕುಳಿತಿದ್ದಾಗ ನನ್ನದೇ ಎದೆ ಹಿಡಿಯಿತು. ವೇಟರ್ ಸೋಡಾ ತಂದ. ಮುಟ್ಟದೆ ರಸ್ತೆ ದಾಟಿದೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಏನೋ ಕೇಳಿದಳು. ಹೆದರಿಕೆಗೆ ಹಿಂದಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಎದೆಯ ಮೇಲೆ ಕೈ ಇಟ್ಟೆ. ಅವಳು ಮತ್ತೊಂದು ಮಾತು ಕೇಳದೆ ನನ್ನನ್ನು ಮಲಗಿಸಿ ಎದೆಗೆ ವೈರುಗಳನ್ನು ಅಂಟಿಸಿದಳು.

ಡಾಕ್ಟರ್ ಇಸಿಜಿ ನೋಡಿ, "ಕುಛ್ ನಹೀ ಚಾಚಾ, ಗ್ಯಾಸ್ ಹೈ," ಎಂದರು.

ನಾನು ಅಳತೊಡಗಿದೆ. ಇನ್ನೂ ನೋಯುತ್ತಿದೆಯೇ ಎಂದು ನರ್ಸ್ ಕೇಳಿದಳು. ಆ ದಿನ ಭಟ್ರು ಎದೆಯ ಮೇಲೆ ಕೈ ಇಟ್ಟುಕೊಂಡೇ ಇದೇ ಬಾಗಿಲ ಮುಂದೆ ಹಾದು ಸ್ಟೇಷನ್ನಿಗೆ ನಡೆದಿದ್ದರು. ಅವರ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡಿದ್ದೆ.