ಶಾಲೆಗೆ ಬಂದ ಒಂಬತ್ತು ಮರಿಗಳು

ಭತ್ತದ ಕೊಯ್ಲು ಮುಗಿದ ಮೇಲೆ, ಹೊಸನಗರದ ಹತ್ತಿರದ ನಮ್ಮ ಶಾಲೆಯ ಎದುರಿನ ಗದ್ದೆಗೆ ಬಯಲುಸೀಮೆಯ ಕುರಿಗಾಹಿಗಳು ಬಂದಿಳಿದರು. ಗೊಬ್ಬರದ ಆಸೆಗೆ ಗದ್ದೆಯವರೇ ಅವರನ್ನು ಕರೆಸುತ್ತಾರೆ. ಹಗಲು ದೊಡ್ಡವರೆಲ್ಲ ಕುರಿಗಳ ಹಿಂದೆ ಹೋದರೆ, ಹತ್ತು ವರ್ಷದ ಹುಡುಗಿಯೊಬ್ಬಳು ಗುಡಾರದಲ್ಲೇ ಉಳಿಯುತ್ತಿದ್ದಳು. ಪಾಠ ಮಾಡುವಾಗ ಕಿಟಕಿಯಿಂದ ಅವಳೇ ಕಾಣುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಡೆಗೆ ಹೋಗಿ ಅವಳ ತಾಯಿಯ ಜೊತೆ ಜಗಳವನ್ನೇ ತೆಗೆದೆ.

“ಇಕಿ ಸಾಲಿಗೆ ಬಂದ್ರ ಎಳೆಮರಿ ಯಾರು ಕಾಯ್ಬೇಕ್ರಿ ಅಕ್ಕೋರ? ಅವಕ್ಕ ದಿನಾ ಅಷ್ಟು ದೂರ ನಡ್ಯಾಕ ಆಗಂಗಿಲ್ಲ.”

“ಮರಿಗಳೂ ಬರಲಿ!” ಎಂದೆ ಸಿಟ್ಟಿನಲ್ಲಿ.

ಮಾರನೇ ದಿನ ನಿಜಕ್ಕೂ ಬಂದವು, ಒಂಬತ್ತು ಮರಿ. ಶಾಲೆಯ ಕೈತೋಟದ ಬೇಲಿಯೊಳಗೆ ಕೂಡಿಹಾಕಿದೆವು. ಮಕ್ಕಳು ಬೆಳೆಸಿದ್ದ ಹರಿವೆ ಮಡಿ ಎರಡೇ ದಿನಕ್ಕೆ ನೆಲಸಮವಾಯಿತು. ಹುಡುಗಿ ಬಾಗಿಲ ಬಳಿ ಕೂತು, ಒಂದು ಕಣ್ಣು ಮರಿಗಳ ಮೇಲಿಟ್ಟುಕೊಂಡೇ ಅಕ್ಷರ ತಿದ್ದಿದಳು.

ಹದಿನೈದು ದಿನಕ್ಕೆ ಅವಳು ತನ್ನ ಹೆಸರು ಬರೆದಳು. ಸಂಜೆ ಅವಳ ತಾಯಿಗೆ ಹೇಳೋಣವೆಂದು ಹಿಗ್ಗಿನಿಂದ ಹೊರಗೆ ಬಂದರೆ, ಆಕೆ ಅಲ್ಲೇ ಎರಡು ಮರಿಗಳನ್ನು ಬೇಲಿಯಿಂದಾಚೆ ಬಿಡುತ್ತಿದ್ದಳು.

“ಇವು ಈಗ ನಡೀತಾವ್ರಿ. ಎಲ್ಲಾ ನಡ್ಯಾಕ ಹತ್ತಿದ್ವು ಅಂದ್ರ ನಾವು ಗುಡಾರ ಕೀಳ್ತೀವಿ.”

ಅವತ್ತಿನಿಂದ ದಿನಾ ಬೆಳಿಗ್ಗೆ ಶಾಲೆಯ ಬೀಗ ತೆಗೆಯುವ ಮೊದಲೇ ಮರಿಗಳ ಕಾಲು ನೋಡುತ್ತಿದ್ದೆ. ಏಳಿದ್ದವು ಐದಾದವು, ಆಮೇಲೆ ಎರಡು. ಕೊನೆಗೊಂದು ಬಡಕಲು ಮರಿ ಉಳಿಯಿತು. ಇಪ್ಪತ್ತು ವರ್ಷ ಕಲಿಸುತ್ತಲೇ ಬದುಕಿದವಳು ನಾನು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಜೊತೆ ಕಣ್ಣುಮುಚ್ಚಿ ನಿಂತು, ಆ ಮರಿ ಮಾತ್ರ ನಡೆಯಲು ಕಲಿಯದಿರಲಿ ಎಂದು ಬೇಡಿಕೊಂಡೆ.