ಖಾಜಾ ಆರಿಸಿದ ಕೀಬೋರ್ಡ್

೧೯೯೩ರಲ್ಲಿ ಸಿಂಧನೂರಿನಲ್ಲಿ ನನ್ನದೊಂದು ವಾದ್ಯಗಳ ಅಂಗಡಿ ಇತ್ತು. ಹಾರ್ಮೋನಿಯಂ ರಿಪೇರಿಯಿಂದ ಶುರುವಾದ ಕೆಲಸ. ಆ ಹೊತ್ತಿಗೆ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳನ್ನೂ ತರಿಸಿ ಮಾರುತ್ತಿದ್ದೆ. ಲಿಂಗಸುಗೂರು, ಮಸ್ಕಿ ಕಡೆಯ ಆರ್ಕೆಸ್ಟ್ರಾದವರು ನನ್ನಲ್ಲಿಗೇ ಬರುತ್ತಿದ್ದರು.

ಒಂದು ಮಧ್ಯಾಹ್ನ ಮಸ್ಕಿಯಿಂದ ಬಸವರಾಜಪ್ಪ ಬಂದರು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾ ಒಂದರ ಮಾಲೀಕರು, ತಾವೂ ಗಾಯಕರು. ಜೊತೆಗೆ ಅವರ ವಾದಕ ಖಾಜಾ. ಮೂವತ್ತರ ಆಸುಪಾಸಿನ ಆತನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ಕೀಬೋರ್ಡ್ ಹಿಂದಿನ ದಿನವಷ್ಟೇ ಕೆಟ್ಟಿತ್ತು. ಸಂಜೆ ಏಳಕ್ಕೆ ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ಕಾರ್ಯಕ್ರಮ; ನಾಲ್ಕರೊಳಗೆ ಹೊರಡಲೇಬೇಕಿತ್ತು.

ಅಂಗಡಿಯಲ್ಲಿ ಆಗ ಎರಡೇ ಇದ್ದವು, ಎರಡಕ್ಕೂ ಅರವತ್ತೊಂದು ಮನೆ, ಅಂದರೆ ಬೆರಳಿಂದ ಒತ್ತುವ ಬಿಳಿ-ಕಪ್ಪು ಕೀಗಳು. ಹೊಸ ಮಾಡೆಲ್‌ನಲ್ಲಿ ನೂರು ವಾದ್ಯಗಳ ದನಿ. ಬೇಕಾದ ದನಿಯ ನಂಬರ್ ಒತ್ತಿದರೆ ಅದು ಪುಟ್ಟ ಪರದೆಯ ಮೇಲೆ ಮೂಡುತ್ತಿತ್ತು. ಮನೆಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತಿತ್ತು. ಇದನ್ನು ಟಚ್ ರೆಸ್ಪಾನ್ಸ್ ಎನ್ನುತ್ತೇವೆ. ಹಳೆಯ ಮಾಡೆಲ್‌ಗೆ ಅದಿರಲಿಲ್ಲ. ಹನ್ನೆರಡೇ ದನಿ, ಒಂದೊಂದಕ್ಕೂ ಒಂದೊಂದು ಉಬ್ಬಿದ ಬಟನ್.

ಹೊಸದರಲ್ಲಿ ನಾನೇ ನಂಬರ್ ಒತ್ತಿ ವಯೊಲಿನ್ ದನಿ ಹಾಕಿಕೊಟ್ಟೆ. ಖಾಜಾ ನುಡಿಸಿದಾಗ ಅಂಗಡಿಯೇ ತುಂಬಿಕೊಂಡಿತು.

"ಇದ ಇರ್ಲಿ. ಈಗ ಕೊಳಲು ಹಚ್ಚೋ ಖಾಜಾ," ಎಂದರು ಬಸವರಾಜಪ್ಪ.

ಖಾಜಾನ ಕೈ ನಂಬರ್‌ಗಳತ್ತ ಹೋಯಿತು. ಅವು ನುಣುಪಾದ ಪ್ಲಾಸ್ಟಿಕ್ ಹಾಳೆಯ ಕೆಳಗಿದ್ದವು, ಅಂಚಿಲ್ಲ, ಉಬ್ಬಿಲ್ಲ. ಬೆರಳು ತಡಕಾಡಿ ಏನನ್ನೋ ಒತ್ತಿತು. ಡ್ರಮ್ ಸದ್ದಾಯಿತು. ಮತ್ತೆ ಒತ್ತಿದ, ಗಂಟೆಯ ದನಿ.

"ಹೊಸಾದಲ್ರೀ, ಕೈ ಕುಂದರಬೇಕು," ಎಂದು ನಕ್ಕ. ಹಣೆ ಬೆವೆತಿತ್ತು.

ಬಸವರಾಜಪ್ಪ ಗಡಿಯಾರ ನೋಡಿಕೊಂಡರು. "ಲಿಂಗಸೂರಾಗ ಒಬ್ಬಾಂವ ಇಂಥಾದ್ದ ಸರಾಗ ನುಡಿಸ್ತಾನಂತ," ಎಂದು ನನಗೆ ಹೇಳಿದರು. ಖಾಜಾನ ಕೈ ಅಲ್ಲೇ ನಿಂತಿತು.

ನನಗೆ ತಡೆಯಲಾಗಲಿಲ್ಲ. "ಹೊಸಾದ್ರ ಒಳಗಿನ ಬೋರ್ಡ್ ಭಾಳ ನಾಜೂಕ್ರೀ. ನಮ್ಮ ಕಡೀ ಕರೆಂಟಿಗೆ ತಾಳಂಗಿಲ್ಲ. ಹಳೇದ್ನ ಒಯ್ರಿ," ಎಂದೆ. ಶುದ್ಧ ಸುಳ್ಳು. ಎರಡನ್ನೂ ಬಿಚ್ಚಿ ನೋಡಿದವನು ನಾನು, ಹಾಗೇನೂ ಇರಲಿಲ್ಲ.

ಖಾಜಾ ನನ್ನತ್ತ ಮುಖ ತಿರುಗಿಸಿದ. "ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ ಮಾಸ್ತರ."

ಆಮೇಲೆ ಅವನು ಮಾಲೀಕರಿಗೆ ಹೇಳಿದ: "ಅಣ್ಣಾರ, ದನಿ ಹೊಸಾದ್ರದ ಚಲೋ ಐತಿ. ಆದ್ರ ಈ ಬಟನ್ ನನ್ನ ಬೆರಳಿಗೆ ಸಿಗಂಗಿಲ್ಲ. ಇವು ನೋಡಿ ಒತ್ತೋವು. ಹಾಡಿನ ನಡುವ ತಪ್ಪಿದ್ರ ನಿಮ್ಮ ಮರ್ಯಾದಿ ಹೋಗ್ತೈತಿ. ಇದ ಬೇಕಂದ್ರ ಆ ಲಿಂಗಸೂರಿನಾಂವನ್ನ ಕರಸ್ರಿ."

ಬಸವರಾಜಪ್ಪ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಖಾಜಾ ಆರು ವರ್ಷದಿಂದ ಅವರ ಬಳಿ ಇದ್ದ; ಆ ನೌಕರಿ ಈಗ ಅವರ ಒಂದು ಮಾತಿನ ಮೇಲೆ ನಿಂತಿತ್ತು.

"ಹಳೇದರ ಮ್ಯಾಲ ನುಡ್ಸು, ನೋಡೂಣು," ಎಂದರು ಕೊನೆಗೆ.

ಖಾಜಾ ಬಟನ್‌ಗಳ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿ ಎಣಿಸಿಕೊಂಡ. ಆಮೇಲೆ ಮದುವೆ ಹಾಡೊಂದನ್ನು ಎತ್ತಿಕೊಂಡ. ವಯೊಲಿನ್‌ನಿಂದ ಕೊಳಲಿಗೆ, ಕೊಳಲಿನಿಂದ ಅಕಾರ್ಡಿಯನ್‌ಗೆ ಹೋದರೂ ರಾಗ ಎಲ್ಲೂ ಕಡಿಯಲಿಲ್ಲ. ಮೆಲ್ಲಗೆ ನುಡಿಯಬೇಕಾದಲ್ಲಿ ಎಡಗೈ ತಾನೇ ಹೋಗಿ ವಾಲ್ಯೂಮ್ ಇಳಿಸುತ್ತಿತ್ತು.

"ಕೊಳಲು ಒಂಚೂರು ಬಡಕಲಾತು," ಎಂದರು ಬಸವರಾಜಪ್ಪ.

"ಹೂನ್ರೀ."

"ಇರ್ಲಿ, ಕಟ್ರಿ ಇದನ್ನ. ಲೇ ಖಾಜಾ, ಮದ್ಲ ಹೇಳಾಕ ಏನಾಗಿತ್ತೋ ನಿನಗ?"

"ಅಂಜಿಕಿ ಆಗಿತ್ರೀ," ಎಂದ ಖಾಜಾ.

ಮನಸ್ಸು ತಡೆಯದೆ ಅಂಗಡಿ ಮುಚ್ಚಿ ನಾನೂ ಅವರ ಜೀಪು ಹತ್ತಿದೆ. ಹಟ್ಟಿಯ ಬಯಲಿನಲ್ಲಿ ಶಿಫ್ಟ್ ಮುಗಿಸಿ ಬಂದ ಗಣಿಯವರು ಕಿಕ್ಕಿರಿದಿದ್ದರು. ಕೊಳಲು ಅಲ್ಲಿ ಇನ್ನೂ ತೆಳುವಾಗಿ ಕೇಳಿತು; ಬಸವರಾಜಪ್ಪ ಒಮ್ಮೆ ನನ್ನತ್ತ ನೋಡಿದರು. ಎರಡನೆಯ ಹಾಡಿನಿಂದ ಖಾಜಾ ಆ ಬಟನ್ನನ್ನೇ ಬಿಟ್ಟು, ಕೊಳಲಿನ ಜಾಗದಲ್ಲೆಲ್ಲ ಅಕಾರ್ಡಿಯನ್ ನುಡಿಸಿದ. ಕೊನೆಯವರೆಗೂ ಒಂದು ಸ್ವರವೂ ತಪ್ಪಲಿಲ್ಲ.

ಆಮೇಲೂ ಹನ್ನೊಂದು ವರ್ಷ ಅಂಗಡಿ ನಡೆಸಿದೆ. ಗಿರಾಕಿಯನ್ನು ಮೊದಲು ವಾದ್ಯದ ಮುಂದೆ ಕೂರಿಸಿ, ಅವರ ಕೈ ನೋಡಿದ ಮೇಲೆಯೇ ಬಾಯಿ ತೆರೆಯುತ್ತಿದ್ದೆ. ಅಂದು ಖಾಜಾನ ಪರ ವಹಿಸುತ್ತಿದ್ದೇನೆ ಎಂದುಕೊಂಡು, ಅವನೇ ಆಡಬೇಕಾದ ಮಾತನ್ನು ನಾನು ಕಸಿದುಕೊಳ್ಳಲು ಹೊರಟಿದ್ದೆ. ಅದನ್ನು ಅವನು ಬಿಟ್ಟುಕೊಡಲಿಲ್ಲ.